ಜಲಜನಕದಿಂದ ವಿದ್ಯುತ್ತು: ತೆಳುಪದರದ ಇಂಧನ ಕೋಶ ಮತ್ತು ನಮ್ಮ ಬೇಸಾಯ

ನೀರೆತ್ತುವುದು, ಉಳುವುದು, ಒಕ್ಕುವುದು, ಹಾಲನ್ನು ಕೆಡದಂತೆ ತಣ್ಣಗಿಡುವುದು, ಇವುಗಳಲ್ಲಿ ಯಾವ ಕೆಲಸವೂ ಇಂದು ಹೊರಗಿನ ಶಕ್ತಿಯ ನೆರವಿಲ್ಲದೆ ನಡೆಯುವುದಿಲ್ಲ. ಡೀಸೆಲ್ ಮತ್ತು ವಿದ್ಯುತ್ತು ಕಣ್ಣಿಗೆ ಕಾಣುವ ಶಕ್ತಿಗಳು. ಹೊಲಕ್ಕೆ ಹಾಕುವ ಯೂರಿಯಾ ಕೂಡ ಶಕ್ತಿಯ ಇನ್ನೊಂದು ರೂಪವೇ ಆಗಿದೆ. ಈ ಶಕ್ತಿಯ ಬೆಲೆ ಏರಿದಾಗಲೆಲ್ಲ ಬೇಸಾಯದ ಖರ್ಚೂ ಏರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಜಲಜನಕ ಇಂಧನ, ಇಂಧನ ಕೋಶ ಎಂಬ ಮಾತುಗಳನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ, ರೇಡಿಯೋದಲ್ಲಿ ಕೇಳಿರುತ್ತೀರಿ. ಭಾರತ ಸರ್ಕಾರವು 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ನೀಡಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕ ತಯಾರಿಸುವ ಗುರಿಯನ್ನು ಇಟ್ಟುಕೊಂಡಿದೆ. ಇದರಿಂದ ರೈತನಿಗೆ ಏನು ಪ್ರಯೋಜನ, ಮನೆಯ ಗೋಬರ್ ಅನಿಲದಿಂದ ಪಂಪು ಓಡಿಸಬಹುದೇ, ಹೊಲದ ಕಸಕಡ್ಡಿಗೆ ಬೆಲೆ ಬರುವುದೇ ಎಂಬ ಪ್ರಶ್ನೆಗಳು ಸಹಜ. ಇಂಧನ ಕೋಶಗಳಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ ಗ್ರಾಮಾಂತರ ಪ್ರದೇಶಕ್ಕೆ ಹೆಚ್ಚು ಹೊಂದುವ ಸಾಧ್ಯತೆಯಿರುವುದು ತೆಳುಪದರದ ಘನ ಆಕ್ಸೈಡ್ ಕೋಶ. ಅದರ ರಚನೆ, ಕೆಲಸ ಮಾಡುವ ಬಗೆ, ಅದರಿಂದ ಏನನ್ನು ನಿರೀಕ್ಷಿಸಬಹುದು ಮತ್ತು ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಂಧನ ಕೋಶ ಎಂದರೇನು?

ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಮೊದಲು ಉರಿಯುತ್ತದೆ. ಉರಿಯಿಂದ ಶಾಖ, ಶಾಖದಿಂದ ಒತ್ತಡ, ಒತ್ತಡದಿಂದ ಚಲನೆ, ಚಲನೆಯಿಂದ ವಿದ್ಯುತ್ತು, ಹೀಗೆ ಶಕ್ತಿಯು ನಾಲ್ಕು ಕೈ ದಾಟಿ ನಮ್ಮನ್ನು ತಲುಪುತ್ತದೆ. ಪ್ರತಿ ಕೈಯಲ್ಲೂ ಒಂದಿಷ್ಟು ಸೋರುತ್ತದೆ. ಹಳ್ಳಿಗಳಲ್ಲಿ ಬಳಸುವ ಸಣ್ಣ ಅನಿಲ ಎಂಜಿನ್ನುಗಳಲ್ಲಿ ಇಂಧನದ ಶಕ್ತಿಯ ಸುಮಾರು ಕಾಲು ಭಾಗ ಮಾತ್ರ ವಿದ್ಯುತ್ತಾಗಿ ಸಿಗುತ್ತದೆ.

ಇಂಧನ ಕೋಶದಲ್ಲಿ ಉರಿಯೂ ಇಲ್ಲ, ತಿರುಗುವ ಭಾಗವೂ ಇಲ್ಲ. ಒಂದು ಬದಿಯಿಂದ ಜಲಜನಕವನ್ನೂ ಇನ್ನೊಂದು ಬದಿಯಿಂದ ಗಾಳಿಯನ್ನೂ ಹಾಯಿಸಿದರೆ, ರಾಸಾಯನಿಕ ಶಕ್ತಿಯು ನೇರವಾಗಿ ವಿದ್ಯುತ್ತಾಗುತ್ತದೆ. ಹೊರಬರುವುದು ನೀರಿನ ಆವಿ ಮತ್ತು ಶಾಖ. ಟಾರ್ಚಿನ ಬ್ಯಾಟರಿಗೂ ಇದಕ್ಕೂ ಹೋಲಿಕೆಯಿದೆ. ಆದರೆ ಬ್ಯಾಟರಿಯೊಳಗಿನ ಸರಕು ಮುಗಿದರೆ ಅದು ಸತ್ತಂತೆ. ಇಂಧನ ಕೋಶವು ಹೊರಗಿನಿಂದ ಮೇವು ಹಾಕುವವರೆಗೂ ವಿದ್ಯುತ್ತು ಕೊಡುತ್ತಲೇ ಇರುತ್ತದೆ.

ಈ ತತ್ವ ಹೊಸದೇನಲ್ಲ. ಬ್ರಿಟನ್ನಿನ ವಿಲಿಯಂ ಗ್ರೋವ್ 1839ರಲ್ಲಿಯೇ ಇದನ್ನು ತೋರಿಸಿಕೊಟ್ಟಿದ್ದರು. ಚಂದ್ರನತ್ತ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಒದಗಿಸಿದ್ದು ಇಂಧನ ಕೋಶಗಳೇ. ಆದರೆ ಅವು ಅತಿ ಶುದ್ಧವಾದ ಜಲಜನಕ ಮತ್ತು ಆಮ್ಲಜನಕಗಳನ್ನು ಬೇಡುವ ದುಬಾರಿ ಕೋಶಗಳಾಗಿದ್ದವು.

ಪಿಂಗಾಣಿಯೊಳಗೆ ಆಮ್ಲಜನಕದ ಪಯಣ

ಘನ ಆಕ್ಸೈಡ್ ಕೋಶದ ಹೃದಯವೆಂದರೆ ಪಿಂಗಾಣಿಯಂತಹ ಒಂದು ಗಟ್ಟಿ ಪದರ. ಇದನ್ನು ಜಿರ್ಕೋನಿಯಾ ಎಂಬ ವಸ್ತುವಿಗೆ ಸ್ವಲ್ಪ ಯಿಟ್ರಿಯಾ ಬೆರೆಸಿ ತಯಾರಿಸುತ್ತಾರೆ. ಜಿರ್ಕೋನಿಯಾದ ಮೂಲ ಖನಿಜವಾದ ಜಿರ್ಕಾನ್ ನಮ್ಮ ದೇಶದಲ್ಲಿ ಕೇರಳದ ಕಡಲತೀರದ ಮರಳಿನಲ್ಲಿಯೂ ದೊರೆಯುತ್ತದೆ.

ಗಟ್ಟಿಯಾದ ಪಿಂಗಾಣಿಯೊಳಗೆ ಆಮ್ಲಜನಕ ಹೇಗೆ ಹಾದುಹೋಗುತ್ತದೆ ಎಂದು ನಿಮಗೆ ಅಚ್ಚರಿಯಾಗಬಹುದು. ನಮ್ಮ ಅಳಗುಳಿ ಮಣೆಯನ್ನು ನೆನಪಿಸಿಕೊಳ್ಳಿ. ಪ್ರತಿ ಗುಳಿಗೂ ಒಂದೇ ಕಾಯಿ ಹಿಡಿಯುವುದಾದರೆ, ಎಲ್ಲ ಗುಳಿಗಳೂ ತುಂಬಿರುವಾಗ ಯಾವ ಕಾಯಿಯೂ ಕದಲಲಾರದು. ಒಂದು ಗುಳಿ ಖಾಲಿಯಾದರೆ ಪಕ್ಕದ ಕಾಯಿ ಅದರೊಳಗೆ ಸರಿಯುತ್ತದೆ, ಅದು ಬಿಟ್ಟ ಗುಳಿಗೆ ಇನ್ನೊಂದು ಬರುತ್ತದೆ. ಜಿರ್ಕೋನಿಯಾದಲ್ಲಿ ಎರಡು ಜಿರ್ಕೋನಿಯಂ ಪರಮಾಣುಗಳ ಜಾಗದಲ್ಲಿ ಎರಡು ಯಿಟ್ರಿಯಂ ಪರಮಾಣುಗಳು ಕುಳಿತಾಗ, ಆಮ್ಲಜನಕದ ಒಂದು ಗುಳಿ ಖಾಲಿ ಉಳಿಯುತ್ತದೆ. ಈ ಖಾಲಿ ಗುಳಿಗಳ ಮೂಲಕ ಆಮ್ಲಜನಕದ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಜಿಗಿಯುತ್ತಾ ಸಾಗುತ್ತವೆ.

ಗಾಳಿಯ ಬದಿಯಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ಪಡೆದು ಅಯಾನು ಆಗುತ್ತದೆ. ಪದರವನ್ನು ದಾಟಿ ಇಂಧನದ ಬದಿಗೆ ಬಂದು ಜಲಜನಕದೊಡನೆ ಕೂಡಿ ನೀರಾಗುತ್ತದೆ. ಆಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಈ ಎಲೆಕ್ಟ್ರಾನುಗಳಿಗೆ ಪಿಂಗಾಣಿಯೊಳಗೆ ದಾರಿಯಿಲ್ಲ. ಅವು ಹೊರಗಿನ ತಂತಿಯ ಮೂಲಕವೇ ಗಾಳಿಯ ಬದಿಗೆ ಮರಳಬೇಕು. ಆ ತಂತಿಯ ದಾರಿಯಲ್ಲಿ ನಾವು ದೀಪವನ್ನೋ ಮೋಟಾರನ್ನೋ ಇಟ್ಟು ಕೆಲಸ ಮಾಡಿಸಿಕೊಳ್ಳುತ್ತೇವೆ. ಒಂದು ಕೋಶದಿಂದ ದೊರೆಯುವುದು ಸುಮಾರು ಒಂದು ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ. ಆದ್ದರಿಂದ ಹತ್ತಾರು ಕೋಶಗಳನ್ನು ರೊಟ್ಟಿಗಳಂತೆ ಒಂದರ ಮೇಲೊಂದು ಜೋಡಿಸಿ ಬೇಕಾದಷ್ಟು ವೋಲ್ಟೇಜ್ ಪಡೆಯಲಾಗುತ್ತದೆ.

ಪದರ ತೆಳುವಾದರೆ ಲಾಭವೇನು?

ತಣ್ಣಗಿರುವಾಗ ಈ ಪಿಂಗಾಣಿ ವಿದ್ಯುತ್ತನ್ನು ಹಾಯಗೊಡುವುದಿಲ್ಲ, ಚೆನ್ನಾಗಿ ಕಾದಾಗ ಮಾತ್ರ ಹಾಯಗೊಡುತ್ತದೆ. ಜರ್ಮನಿಯ ವಾಲ್ಥರ್ ನೆರ್ನ್ಸ್ಟ್ 19ನೆಯ ಶತಮಾನದ ಕೊನೆಯಲ್ಲಿ ಇದೇ ವಸ್ತುವಿನಿಂದ ದೀಪವೊಂದನ್ನು ಮಾಡಿದ್ದರು. ಆ ದೀಪವನ್ನು ಮೊದಲು ಬಿಸಿ ಮಾಡದೆ ಹೊತ್ತಿಸಲು ಆಗುತ್ತಿರಲಿಲ್ಲ. 1937ರಲ್ಲಿ ಸ್ವಿಟ್ಜರ್ಲೆಂಡಿನ ಬೌರ್ ಮತ್ತು ಪ್ರೈಸ್ ಎಂಬ ವಿಜ್ಞಾನಿಗಳು ಮೊದಲ ಘನ ಆಕ್ಸೈಡ್ ಕೋಶವನ್ನು ನಡೆಸಿದ್ದು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಅಷ್ಟು ಬಿಸಿಯಲ್ಲಿ ಸಾಮಾನ್ಯ ಉಕ್ಕು ಬಾಳುವುದಿಲ್ಲ. ವಿಶೇಷ ಮಿಶ್ರಲೋಹ ಇಲ್ಲವೆ ಪಿಂಗಾಣಿ ಬೇಕು. ಬೆಲೆ ಏರುವುದೇ ಇಲ್ಲಿ.

ಉಷ್ಣತೆಯನ್ನು ಇಳಿಸಿದರೆ ಅಯಾನುಗಳ ಜಿಗಿತ ನಿಧಾನವಾಗುತ್ತದೆ. ಇದಕ್ಕೆ ಪರಿಹಾರವಾಗಿ ಅವು ದಾಟಬೇಕಾದ ದೂರವನ್ನೇ ಕಡಿಮೆ ಮಾಡಬಹುದು. ಮಣ್ಣಿನ ಮಡಕೆಯ ಗೋಡೆ ದಪ್ಪವಾಗಿದ್ದರೆ ನೀರು ಜಿನುಗುವುದು ನಿಧಾನ, ತೆಳುವಾಗಿದ್ದರೆ ಬೇಗ. ಇಲ್ಲಿಯೂ ಅದೇ ನಿಯಮ. ಪದರದ ದಪ್ಪ ಹತ್ತನೇ ಒಂದು ಭಾಗಕ್ಕಿಳಿದರೆ ಅದರ ತಡೆಯೂ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, 1000 ಡಿಗ್ರಿಯಲ್ಲಿ 150 ಮೈಕ್ರಾನ್ ದಪ್ಪದ ಜಿರ್ಕೋನಿಯಾ ಪದರ ಎಷ್ಟು ತಡೆ ಒಡ್ಡುತ್ತದೆಯೋ, 700 ಡಿಗ್ರಿಯಲ್ಲಿ 15 ಮೈಕ್ರಾನ್ ಪದರವೂ ಸುಮಾರು ಅಷ್ಟೇ ಒಡ್ಡುತ್ತದೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಈ ಪದರ ಎಷ್ಟು ತೆಳು ಎಂಬುದನ್ನು ನೀವೇ ಊಹಿಸಬಹುದು. ಜಿರ್ಕೋನಿಯಾದ ಬದಲು ಗ್ಯಾಡೊಲಿನಿಯಂ ಬೆರೆಸಿದ ಸೀರಿಯಾ ಎಂಬ ವಸ್ತುವನ್ನು ಬಳಸಿದರೆ ಇದೇ 15 ಮೈಕ್ರಾನ್ ಪದರ 500 ಡಿಗ್ರಿಯಲ್ಲಿಯೇ ಕೆಲಸಕ್ಕೆ ಬರುತ್ತದೆ.

ಇಷ್ಟು ತೆಳುವಾದ ಪಿಂಗಾಣಿ ತಾನಾಗಿ ನಿಲ್ಲಲಾರದು. ಅದಕ್ಕೊಂದು ಆಸರೆ ಬೇಕು. ಮನೆಯ ಮಣ್ಣುಗೋಡೆಗೆ ಸುಣ್ಣ ಬಳಿದಂತೆ, ಅನಿಲ ಹಾಯಬಲ್ಲ ರಂಧ್ರಗಳುಳ್ಳ ನಿಕ್ಕಲ್ ಮಿಶ್ರಿತ ಪಿಂಗಾಣಿ ಹಲಗೆಯ ಮೇಲೆ ಅಥವಾ ಸಣ್ಣ ತೂತುಗಳಿರುವ ಉಕ್ಕಿನ ತಗಡಿನ ಮೇಲೆ ಈ ಪದರವನ್ನು ಲೇಪಿಸುತ್ತಾರೆ. ಪುಡಿಯನ್ನು ದ್ರಾವಣದಲ್ಲಿ ಕಲಸಿ ಹಾಳೆಯಂತೆ ಎರೆಯುವುದು, ಬಟ್ಟೆಗೆ ಅಚ್ಚು ಹಾಕುವಂತೆ ಜಾಲರಿಯ ಮೂಲಕ ಮುದ್ರಿಸುವುದು, ನಿರ್ವಾತ ಪೆಟ್ಟಿಗೆಯಲ್ಲಿ ಪರಮಾಣುಗಳನ್ನು ಚಿಮ್ಮಿಸಿ ಕೂರಿಸುವುದು ಮುಂತಾದ ವಿಧಾನಗಳು ಬಳಕೆಯಲ್ಲಿವೆ.

ಪ್ರಯೋಗಾಲಯದಿಂದ ಬಳಕೆಗೆ

ಈ ದಾರಿಯಲ್ಲಿ ನಡೆದ ಕೆಲಸದ ಕೆಲವು ಘಟ್ಟಗಳನ್ನು ತಿಳಿಯುವುದು ಒಳ್ಳೆಯದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬ್ರಿಯಾನ್ ಸ್ಟೀಲ್ ಮತ್ತು ಅವರ ಸಹೋದ್ಯೋಗಿಗಳು ಸೀರಿಯಾ ಪದರವನ್ನು ಉಕ್ಕಿನ ತಗಡಿನ ಮೇಲೆ ಲೇಪಿಸುವ ಸಂಶೋಧನೆ ನಡೆಸಿದರು. ಅದರ ಫಲವಾಗಿ 2001ರಲ್ಲಿ ಸೀರಿಸ್ ಪವರ್ ಎಂಬ ಸಂಸ್ಥೆ ಹುಟ್ಟಿತು. ಈ ಕೋಶಗಳು 600 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡುವುದರಿಂದ ಉಕ್ಕನ್ನೇ ಆಸರೆಯಾಗಿ ಬಳಸಲು ಸಾಧ್ಯವಾಯಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2007ರಲ್ಲಿ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು ತೆಳುವಾದ ಪದರಗಳಿಂದ 350ರಿಂದ 400 ಡಿಗ್ರಿಯಲ್ಲಿಯೇ ವಿದ್ಯುತ್ತು ಪಡೆದರು. ಆದರೆ ಅಂತಹ ಪದರಗಳು ಅತಿ ಚಿಕ್ಕವಾಗಿದ್ದವು. 2011ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಶ್ರೀರಾಮ್ ರಾಮನಾಥನ್ ಅವರ ತಂಡವು ಲೋಹದ ಜಾಲರಿಯ ಆಸರೆ ಕೊಟ್ಟು, ಸುಮಾರು 100 ನ್ಯಾನೋಮೀಟರ್ ದಪ್ಪದ ಪದರವನ್ನು 5 ಮಿಲಿಮೀಟರ್ ಅಗಲಕ್ಕೆ ಹರಡಿ, 510 ಡಿಗ್ರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 155 ಮಿಲಿವ್ಯಾಟ್ ಪಡೆಯಿತು. ಹತ್ತನೇ ಒಂದು ಮೈಕ್ರಾನ್ ಪದರವನ್ನು ಕಡಲೆಕಾಳಿನಷ್ಟು ಅಗಲ ಮಾಡುವುದೇ ಒಂದು ಸಾಧನೆ ಎಂಬುದರಿಂದ ಈ ಕೆಲಸದ ಕಷ್ಟ ತಿಳಿಯುತ್ತದೆ.

ಬಳಕೆಯ ವಿಷಯದಲ್ಲಿ ಜಪಾನ್ ಮುಂದಿದೆ. ಅಲ್ಲಿ ಎನೆಫಾರ್ಮ್ ಎಂಬ ಹೆಸರಿನ ಮನೆಬಳಕೆಯ ಇಂಧನ ಕೋಶಗಳು 2009ರಲ್ಲಿ ಮಾರಾಟಕ್ಕೆ ಬಂದವು. ಘನ ಆಕ್ಸೈಡ್ ಬಗೆಯವು 2011ರಿಂದ ದೊರೆಯತೊಡಗಿದವು. ಕೊಳವೆಯಲ್ಲಿ ಬರುವ ಅಡುಗೆ ಅನಿಲದಿಂದ ಸುಮಾರು 700 ವ್ಯಾಟ್ ವಿದ್ಯುತ್ತನ್ನೂ, ಅದರ ಜೊತೆಗೇ ಸ್ನಾನದ ಬಿಸಿನೀರನ್ನೂ ಇವು ಕೊಡುತ್ತವೆ. ಎರಡೂ ಬಗೆಯವು ಸೇರಿ ಲಕ್ಷಗಟ್ಟಲೆ ಮನೆಗಳಲ್ಲಿ ಅಳವಡಿಕೆಯಾಗಿವೆ. ನಮ್ಮ ದೇಶದಲ್ಲಿ ಕೊಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯು ಬಹಳ ವರ್ಷಗಳಿಂದ ಈ ಕೋಶಗಳ ಮೇಲೆ ಕೆಲಸ ಮಾಡುತ್ತಿದೆ.

ಇನ್ನೂ ಬಗೆಹರಿಯದ ತೊಡಕುಗಳು

1. ತೂತು: ತೆಳುಪದರದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಜಲಜನಕ ಮತ್ತು ಗಾಳಿ ನೇರವಾಗಿ ಬೆರೆತು ಉರಿಯುತ್ತವೆ. ಆ ಕೋಶ ಕೆಟ್ಟಂತೆಯೇ. ಪದರ ತೆಳುವಾದಷ್ಟೂ ಈ ಅಪಾಯ ಹೆಚ್ಚು.

2. ಬಿರುಕು: ಕಾದಾಗ ಪಿಂಗಾಣಿಯೂ ಅದರ ಆಸರೆಯೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಪದೇ ಪದೇ ಹಚ್ಚಿ ಆರಿಸಿದರೆ ಬಿರುಕು ಬಿಡುತ್ತದೆ. ಹಳೆಯ ಬಗೆಯ ಕೋಶಗಳನ್ನು ಕಾಯಿಸಲು ಹಲವು ಗಂಟೆಗಳೇ ಬೇಕು. ಉಕ್ಕಿನ ಆಸರೆಯ ತೆಳುಪದರದ ಕೋಶಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ.

3. ಗಾಳಿಯ ಬದಿಯ ಸೋಮಾರಿತನ: ನಡುಪದರ ತೆಳುವಾದ ಮೇಲೆ ಗಾಳಿಯ ಬದಿಯಲ್ಲಿ ಆಮ್ಲಜನಕ ಅಯಾನು ಆಗುವ ಕ್ರಿಯೆಯೇ ನಿಧಾನದ ಹಂತವಾಗುತ್ತದೆ. ಕಾಲುವೆ ಅಗಲ ಮಾಡಿದರೂ ತೂಬು ಕಿರಿದಾಗಿಯೇ ಉಳಿದಂತೆ. ಆದ್ದರಿಂದ ವಿದ್ಯುದ್ವಾರದ ವಸ್ತುಗಳನ್ನೂ ಸುಧಾರಿಸಬೇಕಾಗಿದೆ.

4. ವಿಷ: ಉಕ್ಕಿನಿಂದ ಹೊರಡುವ ಕ್ರೋಮಿಯಂ ಆವಿ ಗಾಳಿಯ ಬದಿಯನ್ನೂ, ಇಂಧನದಲ್ಲಿರುವ ಗಂಧಕ ನಿಕ್ಕಲ್ಲಿನ ಬದಿಯನ್ನೂ ಕೆಡಿಸುತ್ತವೆ. ಗಂಧಕದ ವಿಷಯ ರೈತರಿಗೆ ಮುಖ್ಯವಾದುದರಿಂದ ಮುಂದೆ ಹೇಳಲಾಗಿದೆ.

ಗೋಬರ್ ಅನಿಲಕ್ಕೂ ಇದಕ್ಕೂ ಇರುವ ನಂಟು

ಜಲಜನಕವನ್ನು ಹಳ್ಳಿಯಲ್ಲಿ ಕೂಡಿಡುವುದು ಸುಲಭವಲ್ಲ. ಸಾಧಾರಣ ಒತ್ತಡದಲ್ಲಿ ಒಂದು ಕಿಲೋ ಜಲಜನಕಕ್ಕೆ ಸುಮಾರು 12 ಘನ ಮೀಟರ್ ಜಾಗ ಬೇಕು. ಸಿಲಿಂಡರಿನಲ್ಲಿ ಹಿಡಿಸಲು ವಾತಾವರಣದ ನೂರಾರು ಪಟ್ಟು ಒತ್ತಡ ಕೊಡಬೇಕು. ಇಲ್ಲಿಯೇ ಘನ ಆಕ್ಸೈಡ್ ಕೋಶದ ಹೆಚ್ಚುಗಾರಿಕೆ ಕಾಣುವುದು. ಬಿಸಿಯಾಗಿರುವ ಈ ಕೋಶದಲ್ಲಿ ಮೀಥೇನ್ ಅನಿಲವು ನೀರಿನ ಆವಿಯೊಡನೆ ಕೂಡಿ ಅಲ್ಲಿಯೇ ಜಲಜನಕ ಮತ್ತು ಇಂಗಾಲದ ಮಾನಾಕ್ಸೈಡ್ ಆಗಿ ಒಡೆಯುತ್ತದೆ. ಇವೆರಡೂ ಈ ಕೋಶಕ್ಕೆ ಆಹಾರವೇ. ಬೇರೆ ಬಗೆಯ ಕೋಶಗಳಿಗೆ ಮಾನಾಕ್ಸೈಡ್ ವಿಷವಾದರೆ, ಇದಕ್ಕೆ ಅದು ಮೇವು. ಗೋಬರ್ ಅನಿಲದಲ್ಲಿ ನೂರಕ್ಕೆ ಸುಮಾರು 60 ಭಾಗ ಮೀಥೇನ್ ಇದ್ದು, ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಅದು ಎಂಜಿನ್ನಿಗೆ ಹೊರೆಯಾದರೂ ಈ ಕೋಶಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಇದು ಕೇವಲ ಕಾಗದದ ಮೇಲಿನ ಮಾತಲ್ಲ. ಇಟಲಿಯ ಟುರಿನ್ ನಗರದ ಬಳಿಯ ಕೊಲೆನ್ಯೊ ಎಂಬಲ್ಲಿ, ಚರಂಡಿ ನೀರು ಶುದ್ಧೀಕರಿಸುವ ಸ್ಥಾವರದಲ್ಲಿ ಹುಟ್ಟುವ ಅನಿಲದಿಂದ 2017ರಲ್ಲಿ ಘನ ಆಕ್ಸೈಡ್ ಕೋಶಗಳನ್ನು ನಡೆಸಲು ಆರಂಭಿಸಲಾಯಿತು. ಅನಿಲವನ್ನು ಮೊದಲು ವಿಶೇಷ ಇದ್ದಿಲಿನ ಮೂಲಕ ಸೋಸಿ ಗಂಧಕ ಮತ್ತಿತರ ಕಲ್ಮಶಗಳನ್ನು ತೆಗೆಯುವ ವ್ಯವಸ್ಥೆ ಅಲ್ಲಿದೆ.

ಸೋಸುವಿಕೆಯೇ ಇಲ್ಲಿನ ಗಂಟು. ನಮ್ಮ ಗೋಬರ್ ಅನಿಲದ ಹತ್ತು ಲಕ್ಷ ಭಾಗದಲ್ಲಿ ನೂರಾರು ಭಾಗದಿಂದ ಕೆಲವು ಸಾವಿರ ಭಾಗದವರೆಗೆ ಗಂಧಕಯುಕ್ತ ಜಲಜನಕದ ಅನಿಲ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಇದರಿಂದಲೇ. ಒಲೆಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಎಂಜಿನ್ನಿಗೆ ತುಕ್ಕು ಹಿಡಿಯುತ್ತದೆ. ಆದರೆ ಇಂಧನ ಕೋಶಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟಿದ್ದರೂ ಅಪಾಯವೇ. ತುಕ್ಕು ಹಿಡಿದ ಕಬ್ಬಿಣದ ಹೊಟ್ಟು ತುಂಬಿದ ಕೊಳವೆಯ ಮೂಲಕ ಅನಿಲವನ್ನು ಹಾಯಿಸಿದರೆ ಗಂಧಕದ ಬಹುಪಾಲು ಅಲ್ಲಿಯೇ ನಿಲ್ಲುತ್ತದೆ. ಎಂಜಿನ್ನಿಗೆ ಅಷ್ಟು ಸಾಕು. ಕೋಶಕ್ಕೆ ಅದರ ನಂತರ ಇದ್ದಿಲಿನ ಸೋಸುವಿಕೆಯೂ ಬೇಕು.

ಲೆಕ್ಕ ಹಾಕಿ ನೋಡೋಣ

ಯಾವ ಹೊಸ ಯಂತ್ರವನ್ನೇ ಆಗಲಿ ಲೆಕ್ಕದ ತಕ್ಕಡಿಯಲ್ಲಿಟ್ಟು ನೋಡದೆ ಒಪ್ಪಬಾರದು.

ಒಂದು ಘನ ಮೀಟರ್ ಗೋಬರ್ ಅನಿಲದಲ್ಲಿ ಸುಮಾರು 6 ಯೂನಿಟ್‌ನಷ್ಟು ಶಾಖಶಕ್ತಿ ಇರುತ್ತದೆ. ಸಣ್ಣ ಎಂಜಿನ್ನಿನಿಂದ ಇದರಲ್ಲಿ ಒಂದೂವರೆ ಯೂನಿಟ್ ವಿದ್ಯುತ್ತು ಸಿಗುತ್ತದೆ. ಇಂಧನ ಕೋಶದಿಂದ, ಅದು ನೂರಕ್ಕೆ 50ರಂತೆ ಕೆಲಸ ಮಾಡಿದರೆ, 3 ಯೂನಿಟ್ ಸಿಗುತ್ತದೆ. ಅಂದರೆ ಅದೇ ಸಗಣಿಯಿಂದ ಎರಡು ಪಟ್ಟು.

ಈಗ ಒಂದು ಮನೆಯ ಸ್ಥಾವರವನ್ನು ನೋಡಿ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ರಾಸು ಬೇಕು. ಐದು ಜನರ ಅಡುಗೆಗೆ ಸುಮಾರು 1.2 ಘನ ಮೀಟರ್ ಹೋದರೆ ಉಳಿಯುವುದು 0.8 ಘನ ಮೀಟರ್. ಅದರಿಂದ ಕೋಶವು ಕೊಡುವುದು 2.4 ಯೂನಿಟ್. ಮನೆಯ ದೀಪ, ಫ್ಯಾನುಗಳಿಗೆ ಇದು ಸಾಕು. ಆದರೆ 5 ಅಶ್ವಶಕ್ತಿಯ ಪಂಪಿಗೆ ಗಂಟೆಗೆ ಸುಮಾರು 4.5 ಯೂನಿಟ್ ಬೇಕು. ನಾಲ್ಕು ಗಂಟೆ ನೀರೆತ್ತಲು 18 ಯೂನಿಟ್, ಅಂದರೆ 6 ಘನ ಮೀಟರ್ ಅನಿಲ, 150 ಕಿಲೋ ಸಗಣಿ, 15 ರಾಸು. ಆದ್ದರಿಂದ ನಾಲ್ಕು ಹಸುವಿನ ಸ್ಥಾವರದಿಂದ ಬೋರ್‌ವೆಲ್ ಓಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋಶ ಎಷ್ಟೇ ಸುಧಾರಿಸಿದರೂ ಸಗಣಿಯಲ್ಲಿ ಇಲ್ಲದ ಶಕ್ತಿಯನ್ನು ಅದು ಹುಟ್ಟಿಸಲಾರದು.

ಅಲ್ಲದೆ ಪಂಪು ದಿನಕ್ಕೆ ಕೆಲವೇ ಗಂಟೆ ಓಡುವಂಥದು. ಈ ಕೋಶಕ್ಕೆ ಹಚ್ಚಿ ಆರಿಸುವ ಕೆಲಸ ಹಿತವಲ್ಲ, ಹಗಲೂ ರಾತ್ರಿ ಒಂದೇ ಸಮನೆ ನಡೆಯುವುದೇ ಹಿತ. ಹಾಗಾದರೆ ಹಳ್ಳಿಯಲ್ಲಿ ಅಂತಹ ಕೆಲಸ ಯಾವುದು? ಹಾಲಿನ ಶೀತಲೀಕರಣ. ಹಾಲು ಉತ್ಪಾದಕರ ಸಂಘದ ಸುತ್ತಮುತ್ತಲಿನ 100 ರಾಸುಗಳ ಸಗಣಿ ಒಂದೆಡೆ ಸೇರಿದರೆ ದಿನಕ್ಕೆ 1000 ಕಿಲೋ, ಅದರಿಂದ 40 ಘನ ಮೀಟರ್ ಅನಿಲ, ಕೋಶದಿಂದ 120 ಯೂನಿಟ್, ಅಂದರೆ ಇಡೀ ದಿನ ನಿಲ್ಲದೆ 5 ಕಿಲೋವ್ಯಾಟ್. ಕೋಶದಿಂದ ಹೊರಬರುವ ಬಿಸಿಗಾಳಿಯಿಂದ ಕ್ಯಾನು ತೊಳೆಯುವ ಬಿಸಿನೀರು ಸಿಗುತ್ತದೆ. ಚಳಿಗಾಲದಲ್ಲಿ ಅನಿಲ ಸ್ಥಾವರವನ್ನು ಬೆಚ್ಚಗಿಡಲೂ ಅದನ್ನು ಬಳಸಬಹುದು. ಮುಂದೆ ಈ ಕೋಶಗಳು ಹಳ್ಳಿಗೆ ಬರುವುದಾದರೆ ಇಂತಹ ಸಹಕಾರಿ ಏರ್ಪಾಡುಗಳಿಗೇ ಮೊದಲು ಹೊಂದುತ್ತವೆ ಎಂಬುದು ಲೇಖಕರ ಅಭಿಪ್ರಾಯ.

ಯೂರಿಯಾ ಚೀಲದೊಳಗಿನ ಜಲಜನಕ

ಜಲಜನಕವು ರೈತನ ಮನೆಗೆ ಈಗಾಗಲೇ ಬರುತ್ತಿದೆ, ಯೂರಿಯಾ ಚೀಲದ ರೂಪದಲ್ಲಿ. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ, ಅಮೋನಿಯಾದಿಂದ ಯೂರಿಯಾ ಮಾಡಲಾಗುತ್ತದೆ. 45 ಕಿಲೋ ತೂಕದ ಒಂದು ಚೀಲ ಯೂರಿಯಾ ತಯಾರಿಸಲು ಸುಮಾರು 4.5 ಕಿಲೋ ಜಲಜನಕ ಬೇಕು. ನಮ್ಮ ಕಾರ್ಖಾನೆಗಳಲ್ಲಿ ಇದನ್ನು ಬಹುಮಟ್ಟಿಗೆ ನೈಸರ್ಗಿಕ ಅನಿಲದಿಂದ ಪಡೆಯುತ್ತಾರೆ. ಆ ಅನಿಲದ ದೊಡ್ಡ ಪಾಲು ಹೊರದೇಶಗಳಿಂದ ಬರಬೇಕು.

ಘನ ಆಕ್ಸೈಡ್ ಕೋಶವನ್ನು ತಿರುವುಮುರುವಾಗಿಯೂ ನಡೆಸಬಹುದು. ವಿದ್ಯುತ್ತು ಕೊಟ್ಟರೆ ಅದು ನೀರಿನ ಆವಿಯನ್ನು ಒಡೆದು ಜಲಜನಕ ಕೊಡುತ್ತದೆ. ಸಾಮಾನ್ಯ ವಿಧಾನದಲ್ಲಿ ಒಂದು ಕಿಲೋ ಜಲಜನಕಕ್ಕೆ 50 ಯೂನಿಟ್‌ಗಿಂತ ಹೆಚ್ಚು ವಿದ್ಯುತ್ತು ಬೇಕು. ಬೇರೆಡೆಯಿಂದ ಉಗಿ ದೊರೆತರೆ ಈ ಕೋಶಕ್ಕೆ 40 ಯೂನಿಟ್‌ನ ಆಸುಪಾಸು ಸಾಕು. ಅಮೋನಿಯಾ ತಯಾರಿಕೆಯಲ್ಲಿ ಶಾಖ ಹೊರಬರುವುದರಿಂದ ಗೊಬ್ಬರದ ಕಾರ್ಖಾನೆಗಳಲ್ಲಿ ಉಗಿಗೆ ಕೊರತೆಯಿಲ್ಲ. ಆದ್ದರಿಂದ ಈ ಎರಡು ಒಂದಕ್ಕೊಂದು ಹೊಂದುತ್ತವೆ. ಇದೇ ತತ್ವದ ಒಂದು ಚಿಕ್ಕ ಯಂತ್ರ 2021ರ ಏಪ್ರಿಲ್‌ನಲ್ಲಿ ಮಂಗಳ ಗ್ರಹದ ಮೇಲೆ, ಅಲ್ಲಿನ ಇಂಗಾಲದ ಡೈ ಆಕ್ಸೈಡಿನಿಂದ ಸುಮಾರು 5 ಗ್ರಾಂ ಆಮ್ಲಜನಕವನ್ನು ಬೇರ್ಪಡಿಸಿತು.

ಜಲಜನಕಕ್ಕಾಗಿ ನೀರು ಖರ್ಚಾದರೆ ಹೊಲಕ್ಕೆ ನೀರೆಲ್ಲಿ ಎಂಬ ಅನುಮಾನವೂ ಬರಬಹುದು. ಒಂದು ಕಿಲೋ ಜಲಜನಕಕ್ಕೆ 9 ಲೀಟರ್ ನೀರು ಒಡೆಯಬೇಕು. ಒಂದು ಚೀಲ ಯೂರಿಯಾಕ್ಕೆ ಸುಮಾರು 40 ಲೀಟರ್. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಹಾಯಿಸಿದರೆ 2 ಲಕ್ಷ ಲೀಟರ್ ಆಗುತ್ತದೆ. ನೀರಿನ ಚಿಂತೆಗೆ ಇಲ್ಲಿ ದೊಡ್ಡ ಕಾರಣವಿಲ್ಲ. ಚಿಂತೆಗೆ ಕಾರಣವಿರುವುದು ಬೇರೆ ಕಡೆ.

ಬೆಳೆಯ ಉಳಿಕೆ ಯಾರ ಪಾಲು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಣ ಜೀವರಾಶಿಯನ್ನು ಆಮ್ಲಜನಕ ಮತ್ತು ಉಗಿಯೊಡನೆ ಅನಿಲವಾಗಿಸಿ, ಒಂದು ಕಿಲೋ ಜೀವರಾಶಿಯಿಂದ 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ಅಭಿವೃದ್ಧಿಪಡಿಸಿದ್ದಾರೆ. ಇದರಲ್ಲಿ ಒಂದು ಭಾಗ ಉಗಿಯಿಂದ ಬಂದ ಜಲಜನಕ. ಒಂದು ಕಿಲೋ ಜಲಜನಕದಿಂದ ಇಂಧನ ಕೋಶವು ಸುಮಾರು 16 ಯೂನಿಟ್ ಕೊಡುವುದರಿಂದ, ಹತ್ತು ಕಿಲೋ ಕಡ್ಡಿಯಿಂದ ಅಷ್ಟು ವಿದ್ಯುತ್ತು ಪಡೆಯಬಹುದು. ಇಂತಹ ಸ್ಥಾವರಗಳು ಹೆಚ್ಚಿದರೆ ಹೊಲದ ಉಳಿಕೆಗಳಿಗೆ ಕೊಳ್ಳುವವರು ಬರುತ್ತಾರೆ. ಬೆಲೆ ಬರುವುದು ಸಂತೋಷವೇ. ಆದರೆ ಬೇಸಾಯ ಶಾಸ್ತ್ರದ ದೃಷ್ಟಿಯಿಂದ ಒಂದು ಎಚ್ಚರಿಕೆ ಅಗತ್ಯ.

ನಮ್ಮ ಒಣಭೂಮಿಯ ಮಣ್ಣುಗಳಲ್ಲಿ ಸಾವಯವ ಅಂಶ ಮೊದಲೇ ಕಡಿಮೆ. ಮಣ್ಣು ನೀರು ಹಿಡಿಯುವುದು, ಗೊಬ್ಬರ ನಿಲ್ಲುವುದು, ಎರೆಹುಳು ಬದುಕುವುದು ಈ ಅಂಶದಿಂದಲೇ. ಹುಲ್ಲು, ಸೊಪ್ಪು, ರವದಿಗಳನ್ನೆಲ್ಲ ಗುಡಿಸಿ ಮಾರಿದರೆ, ಇಂದು ಕೈಗೆ ಬಂದ ಹಣವನ್ನು ನಾಳೆ ಮಣ್ಣಿಗೆ ತೆರಬೇಕಾಗುತ್ತದೆ. ಅನಿಲವಾಗಿಸುವ ಕುಲುಮೆಯಲ್ಲಿ ಉಳಿಯುವುದು ಬೂದಿ. ಸಾರಜನಕವೂ ಸಾವಯವ ಇಂಗಾಲವೂ ಹೊಲಕ್ಕೆ ಮರಳುವುದಿಲ್ಲ. ಗೋಬರ್ ಅನಿಲ ಸ್ಥಾವರದಲ್ಲಿ ಹಾಗಲ್ಲ. ಸಗಣಿಯ ಘನಾಂಶದ ಸುಮಾರು ಕಾಲು ಭಾಗ ಮಾತ್ರ ಅನಿಲವಾಗಿ ಹೋಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಬಗ್ಗಡದಲ್ಲಿಯೇ ಉಳಿದು ಹೊಲ ಸೇರುತ್ತವೆ.

ಆದ್ದರಿಂದ ಹೀಗೆ ಹಂಚಿಕೊಳ್ಳುವುದು ಸೂಕ್ತ. ರಾಗಿ, ಜೋಳ, ಭತ್ತದ ಹುಲ್ಲು ದನಗಳಿಗೆ. ಸೊಪ್ಪು, ಎಲೆ, ಕಬ್ಬಿನ ರವದಿ ಮಣ್ಣಿಗೆ. ಸಗಣಿ ಅನಿಲ ಸ್ಥಾವರಕ್ಕೆ, ಬಗ್ಗಡ ಹೊಲಕ್ಕೆ. ಬೇಗ ಕೊಳೆಯದ ತೆಂಗಿನ ಚಿಪ್ಪು ಹಾಗೂ ಹತ್ತಿ ಮತ್ತು ತೊಗರಿಯ ಗಟ್ಟಿ ಕಟ್ಟಿಗೆ, ಒಲೆಗೆ ಬೇಕಾಗಿ ಉಳಿದರೆ, ಮಾರಾಟಕ್ಕೆ.

ಈಗ ಮಾಡಬೇಕಾದುದೇನು?

ರೈತರು ಹೊಲದಲ್ಲಿ ಅಳವಡಿಸಿಕೊಳ್ಳಬಹುದಾದ ಬೆಲೆಯ ಇಂಧನ ಕೋಶ ಇನ್ನೂ ಪೇಟೆಗೆ ಬಂದಿಲ್ಲ. ಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಿ.

1. ಜಲಜನಕ ಪಂಪು, ಜಲಜನಕ ಎಂಜಿನ್ನು ಎಂದು ಹೇಳಿ ಮುಂಗಡ ಹಣ ಕೇಳುವವರಿಗೆ ಹಣ ಕೊಡಬೇಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ.

2. ಕೆಟ್ಟು ನಿಂತಿರುವ ಗೋಬರ್ ಅನಿಲ ಸ್ಥಾವರವನ್ನು ದುರಸ್ತಿ ಮಾಡಿಸಿ. ಮುಂದೆ ಯಾವ ಕೋಶ ಬಂದರೂ ಅದಕ್ಕೆ ಅನಿಲ ಬೇಕು. ಕೋಶ ಬಾರದಿದ್ದರೂ ಅಡುಗೆ ಮತ್ತು ಬಗ್ಗಡ ನಿಮ್ಮವೇ.

3. ಅನಿಲದಿಂದ ಎಂಜಿನ್ ಓಡಿಸುವವರು ಕಬ್ಬಿಣದ ಹೊಟ್ಟಿನ ಸೋಸುಕೊಳವೆಯನ್ನು ತಪ್ಪದೆ ಬಳಸಿ. ಬಳಸಿದ ಹೊಟ್ಟು ಗಾಳಿ ಸೋಕಿದಾಗ ಬಿಸಿಯಾಗುತ್ತದೆ. ಅದನ್ನು ಬಯಲಿನಲ್ಲಿ, ಹುಲ್ಲಿನ ಬಣವೆಗೆ ದೂರವಾಗಿ, ನೀರು ಚಿಮುಕಿಸಿ ಹರಡಬೇಕು.

4. ಸ್ಥಾವರದ ಗುಂಡಿಯೊಳಗೆ ಯಾವ ಕಾರಣಕ್ಕೂ ಒಬ್ಬರೇ ಇಳಿಯಬೇಡಿ, ಬೆಂಕಿಯನ್ನು ಹತ್ತಿರ ತರಬೇಡಿ. ಗಂಧಕದ ಅನಿಲ ಹೆಚ್ಚಾದಾಗ ಮೂಗಿಗೆ ಅದರ ವಾಸನೆಯೇ ತಿಳಿಯದಾಗುತ್ತದೆ. ವಾಸನೆ ಇಲ್ಲವೆಂದು ಇಳಿದವರು ಪ್ರಾಣ ಕಳೆದುಕೊಳ್ಳಬಹುದು.

5. ಯೂರಿಯಾವನ್ನು ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ, ಮಣ್ಣಿನಲ್ಲಿ ತೇವವಿದ್ದಾಗ ಕೊಡಿ. ಉಳಿಸಿದ ಪ್ರತಿ ಚೀಲವೂ 4.5 ಕಿಲೋ ಜಲಜನಕ ಉಳಿಸಿದಂತೆ.

6. ಬೆಳೆ ಸರದಿಯಲ್ಲಿ ತೊಗರಿ, ಅಲಸಂದೆ, ಹುರುಳಿ, ಅವರೆಗಳಿಗೆ ಜಾಗ ಕೊಡಿ. ಕಾರ್ಖಾನೆಯು ಭಾರಿ ಶಾಖ ಮತ್ತು ಒತ್ತಡದಲ್ಲಿ ಮಾಡುವ ಸಾರಜನಕದ ಕೆಲಸವನ್ನು ಇವುಗಳ ಬೇರುಗಂಟಿನ ಸೂಕ್ಷ್ಮಜೀವಿಗಳು ಮಣ್ಣಿನ ತಂಪಿನಲ್ಲಿಯೇ ಮಾಡುತ್ತವೆ.

ತೆಳುಪದರದ ಕೋಶವು ಇನ್ನೂ ಬೆಳೆಯುತ್ತಿರುವ ವಿದ್ಯೆ. ಅದು ಒಂದು ದಿನ ಹಾಲಿನ ಡೈರಿಗೆ, ಗೊಬ್ಬರದ ಕಾರ್ಖಾನೆಗೆ, ಬಳಿಕ ಹಳ್ಳಿಯ ಮನೆಗೆ ಬರಬಹುದು. ಬಂದಾಗ ಅದಕ್ಕೆ ಮೇವು ಕೊಡಬೇಕಾದವರು ದನ ಸಾಕಿದವರೂ ಹೊಲ ಕಾಪಾಡಿಕೊಂಡವರೂ ಆದ ನೀವೇ. ಆ ದಿನದವರೆಗೆ ಸಗಣಿಯನ್ನು ಸ್ಥಾವರಕ್ಕೂ ಸೊಪ್ಪನ್ನು ಮಣ್ಣಿಗೂ ತಪ್ಪದೆ ಸಲ್ಲಿಸುತ್ತಿದ್ದರೆ ನಷ್ಟವೇನೂ ಇಲ್ಲ.